ಅಲ್ಪಾಕಾ: ಕೊಳ್ಳುವ ಮುನ್ನ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಉಣ್ಣೆ ಕೊಡುವ, ಒಂಟೆ ಜಾತಿಯ ಪ್ರಾಣಿಯಾದ ಅಲ್ಪಾಕಾ ಸಾಕಿದರೆ ಬೇಗ ಹಣ ಕೈಸೇರುತ್ತದೆ ಎಂಬ ನಂಬಿಕೆ ಕಳವಳ ಹುಟ್ಟಿಸುತ್ತದೆ. ಹೆಣ್ಣಿಗೆ ಸುಮಾರು ಒಂದೂವರೆ ವರ್ಷ ತುಂಬಿದ ಮೇಲಷ್ಟೇ ಗಂಡು ಕೂಡಿಸಬೇಕು. ಗರ್ಭ ಹನ್ನೊಂದೂವರೆ ತಿಂಗಳು, ಹುಟ್ಟುವುದು ಒಂದೇ ಮರಿ, ಅದು ಹಾಲು ಬಿಡಲು ಮತ್ತೆ 6 ತಿಂಗಳು. ಅಂದರೆ ಒಂದು ವರ್ಷದ ಹೆಣ್ಣು ಕೊಂಡವರಿಗೆ ಮಾರಬಹುದಾದ ಮೊದಲ ಮರಿ ಸಿಗಲು 2 ವರ್ಷ ಬೇಕು. ಅದು ಗಂಡಾದರೆ ತಳಿಗೆ ಆಯ್ಕೆಯಾಗುವುದೂ ಅಪರೂಪವೇ.

ಉಣ್ಣೆ ವರ್ಷಕ್ಕೊಮ್ಮೆ, ತಲೆಗೆ 2ರಿಂದ 4 ಕಿಲೊ. ಬೆನ್ನು, ಪಕ್ಕೆಯದು ನಯ. ಕಾಲು, ಹೊಟ್ಟೆಯದು ಒರಟು. ವಯಸ್ಸಾದಂತೆ ಎಳೆ ದಪ್ಪವಾಗಿ ಬೆಲೆ ಇಳಿಯುತ್ತದೆ. ಕತ್ತರಿಸುವ ಕೂಲಿ, ನೂಲಿನ ಗಿರಣಿಯ ಶುಲ್ಕ ಕಳೆದರೆ ಸಣ್ಣ ಹಿಂಡಿನಲ್ಲಿ ಮೇವಿನ ಖರ್ಚೂ ಹುಟ್ಟದಿರಬಹುದು.

ಮೇವೇನೋ ಹೆಚ್ಚು ಬೇಡ, ದಿನಕ್ಕೆ ಒಂದೂವರೆ ಕಿಲೊ ಒಣಹುಲ್ಲು ಸಾಕು. ಸಮಯ ತಿನ್ನುವುದು ಆರೈಕೆ. ಹಿಕ್ಕೆ ರಾಶಿ ಎತ್ತದಿದ್ದರೆ ಜಂತುಹುಳು ಹರಡುತ್ತದೆ. ಉಗುರನ್ನೂ ಆಗಾಗ ಕತ್ತರಿಸಬೇಕು. ದಟ್ಟ ಉಣ್ಣೆಯಡಿ ಪ್ರಾಣಿ ಬಡಕಲಾದದ್ದು ಕಣ್ಣಿಗೆ ಕಾಣದು. ತಿಂಗಳಿಗೊಮ್ಮೆ ಬೆನ್ನುಮೂಳೆಯ ಮೇಲೆ ಅಂಗೈಯಿಟ್ಟು ನೋಡಿ: ಎರಡೂ ಬದಿ ಒಳಕ್ಕೆ ತಗ್ಗಿದ್ದರೆ ತೂಕ ಇಳಿದಿದೆ ಎಂದೇ ಅರ್ಥ.

ಒಂಟಿಯಾಗಿ ಸಾಕಲೇಬೇಡಿ, ಕೊರಗುತ್ತವೆ. ಕನಿಷ್ಠ 3 ಇರಲಿ. ಒಂಟೆ ಜಾತಿಯ ಪ್ರಾಣಿಗಳನ್ನು ಬಲ್ಲ ಪಶುವೈದ್ಯರು ಹತ್ತಿರ ಸಿಗುತ್ತಾರೆಯೇ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.