ಅರ್ಜಿಗೂ ಸದಸ್ಯತ್ವಕ್ಕೂ ನಡುವಿನ ದಿನಗಳು

ಚಿ. ಅನಘಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಒಕ್ಕೂಟವಾದ ನ್ಯಾಟೋವನ್ನು ಫಿನ್ಲೆಂಡ್ ಸೇರಿದ್ದರ ಬಗ್ಗೆ ನೀನು ಕಳಿಸಿದ ಕರಡು ಓದಿದೆ. "ರಷ್ಯಾಕ್ಕೆ ಹೆದರಿ ಸೇರಿತು" ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದೀಯಲ್ಲ, ಅದು ಸಾಲದು. ಹೆದರಿಕೆ ಜಾರ್ಜಿಯಾಕ್ಕೂ ಇತ್ತು. ಅದು ಹೊರಗೇ ಉಳಿಯಿತು, ಇದು ಒಳಗೆ ಬಂತು. ಯಾಕೆ ಅಂತ ಬಿಡಿಸಿ ಬರಿ.

ಮೊದಲು ನ್ಯಾಟೋವನ್ನು ಹುಟ್ಟುಹಾಕಿದ 1949ರ ಒಪ್ಪಂದವನ್ನೇ ಓದು. ಇರುವುದು 14 ವಿಧಿ, ಅರ್ಧ ಗಂಟೆ ಸಾಕು. 5ನೇ ವಿಧಿ ಎಂದರೆ ತಾನಾಗಿಯೇ ಯುದ್ಧ ಎಂದು ಬರೆದಿದ್ದೀಯ. ಹಾಗಿಲ್ಲ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ, ನಿಜ; ಆದರೆ ಯಾವ ನೆರವು ಕೊಡಬೇಕು ಎಂಬುದು ಆಯಾ ದೇಶಕ್ಕೆ ಅಗತ್ಯ ಕಂಡಂತೆ. 10ನೇ ವಿಧಿಯ ಪ್ರಕಾರ ಸದಸ್ಯರೆಲ್ಲ ಒಪ್ಪಿದರಷ್ಟೇ ಆಹ್ವಾನ. ಅರ್ಜಿ ಹಾಕಿ ಕಾಯುತ್ತಿರುವವರಿಗೆ 5ನೇ ವಿಧಿಯ ರಕ್ಷಣೆ ಇಲ್ಲ. ಸಣ್ಣ ದೇಶಕ್ಕೆ ಗಂಡಾಂತರ ಇರುವುದು ಈ ಕಾಯುವ ದಿನಗಳಲ್ಲೇ.

2008ರ ಏಪ್ರಿಲ್‌ನಲ್ಲಿ ನ್ಯಾಟೋದ ಬುಖಾರೆಸ್ಟ್ ಶೃಂಗಸಭೆ, ಉಕ್ರೇನ್ ಮತ್ತು ಜಾರ್ಜಿಯಾ ಮುಂದೊಂದು ದಿನ ಸದಸ್ಯರಾಗುತ್ತವೆ ಎಂದು ಘೋಷಿಸಿತು. ಗಡುವು ಇಲ್ಲ, ಸೇರ್ಪಡೆಗೆ ಮುಂಚಿನ ತಯಾರಿಯ ಹಂತವಾದ ಸದಸ್ಯತ್ವದ ಕ್ರಿಯಾಯೋಜನೆಗೆ ಜರ್ಮನಿ, ಫ್ರಾನ್ಸ್ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಜಾರ್ಜಿಯಾದಲ್ಲಿ ರಷ್ಯಾ ಜೊತೆ ಐದು ದಿನದ ಯುದ್ಧ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಮಾಸ್ಕೋವನ್ನು ಕೆರಳಿಸಲು ಸಾಕಾದ ಆ ಬಾಯಿಮಾತು ಜಾರ್ಜಿಯಾವನ್ನು ಕಾಯಲು ಸಾಲಲಿಲ್ಲ.

ಫಿನ್ಲೆಂಡಿನದು ಬೇರೆ ಲೆಕ್ಕ. ರಷ್ಯಾ ಜೊತೆ ಸುಮಾರು 1,340 ಕಿ.ಮೀ. ಗಡಿ. ಕಡ್ಡಾಯ ಸೈನಿಕ ಸೇವೆಯನ್ನು ಅದು ಕೈಬಿಟ್ಟೇ ಇರಲಿಲ್ಲ. ಯುದ್ಧ ಬಂದರೆ 2,80,000 ಮಂದಿಯ ಪಡೆ. 1994ರಿಂದಲೇ ಸದಸ್ಯರಲ್ಲದ ದೇಶಗಳೊಂದಿಗೆ ನ್ಯಾಟೋ ನಡೆಸುವ ಸಹಕಾರ ಯೋಜನೆಯಾದ ಶಾಂತಿ ಸಹಭಾಗಿತ್ವದಲ್ಲಿದ್ದು, ಸೇನೆಯನ್ನು ಆ ಮಾನದಂಡಕ್ಕೆ ಹೊಂದಿಸಿಕೊಂಡಿತ್ತು. ಅರ್ಜಿ ಕೊಟ್ಟಿದ್ದು 2022ರ ಮೇ 18ಕ್ಕೆ, ಸ್ವೀಡನ್ ಜೊತೆ. ಅದಕ್ಕೂ ವಾರದ ಮುಂಚೆ, ಮೇ 11ರಂದೇ, ಬ್ರಿಟನ್‌ನಿಂದ ಪರಸ್ಪರ ನೆರವಿನ ಲಿಖಿತ ಭರವಸೆ ಪಡೆದಿತ್ತು. ನಿನ್ನ ಕರಡಿನಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ಜಾಣತನ ನೋಡು. 2023ರ ಏಪ್ರಿಲ್ 2ಕ್ಕೆ ಅಲ್ಲಿ ಚುನಾವಣೆ. ಹೊಸ ಸರ್ಕಾರ ಕೂರುವವರೆಗೆ ಕಡತ ನಿಂತೀತು ಎಂದು, ಟರ್ಕಿ ಮತ್ತು ಹಂಗೇರಿ ಇನ್ನೂ ಅನುಮೋದಿಸದಿದ್ದರೂ, ಮಾರ್ಚ್ 1ಕ್ಕೇ ಸಂಸತ್ತಿನಲ್ಲಿ 184–7ರಿಂದ ಮಸೂದೆ ಪಾಸು ಮಾಡಿಕೊಂಡರು. ತಿಂಗಳ ಕೊನೆಗೆ ಆ ಎರಡೂ ದೇಶಗಳ ಒಪ್ಪಿಗೆ ಬಂತು. ಏಪ್ರಿಲ್ 4ಕ್ಕೆ ಫಿನ್ಲೆಂಡ್ 31ನೇ ಸದಸ್ಯ. ಜೊತೆಗೇ ಅರ್ಜಿ ಹಾಕಿದ್ದ ಸ್ವೀಡನ್, ಅದೇ ಟರ್ಕಿ ಮತ್ತು ಹಂಗೇರಿ ತಡಮಾಡಿದ್ದರಿಂದ, 2024ರ ಮಾರ್ಚ್ 7ರವರೆಗೆ ಬಾಗಿಲಲ್ಲೇ ನಿಂತಿತ್ತು. ಒಬ್ಬ ಸದಸ್ಯನ ಮುನಿಸಿಗೆ ಎಷ್ಟು ಬೆಲೆ ಎಂದು ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ನಿನ್ನ ಕರಡಿನ ತಟಸ್ಥ ನೀತಿಯ ಭಾಗಕ್ಕೆ ಆಸ್ಟ್ರಿಯಾದ ಉದಾಹರಣೆ ಬೇಡ. ಸ್ವಿಟ್ಜರ್ಲೆಂಡ್, ಲೀಚ್ಟೆನ್‌ಸ್ಟೈನ್ ಬಿಟ್ಟರೆ ಅದರ ಸುತ್ತ ನ್ಯಾಟೋ ದೇಶಗಳೇ. ಮಾಲ್ಡೋವಾ ತಗೋ. ಅದರ ಸಂವಿಧಾನದ 11ನೇ ವಿಧಿ ಶಾಶ್ವತ ತಟಸ್ಥತೆ ಸಾರುತ್ತದೆ, ಪರದೇಶದ ಸೈನ್ಯ ತನ್ನ ನೆಲದಲ್ಲಿ ಇರಕೂಡದು ಎನ್ನುತ್ತದೆ. ಆದರೂ ಮಾಲ್ಡೋವಾದಿಂದ ಬೇರ್ಪಟ್ಟು ನಿಂತಿರುವ ಪ್ರದೇಶವಾದ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ರಷ್ಯಾದ ಸೈನಿಕರು ಈಗಲೂ ಇದ್ದಾರೆ.

ತಿದ್ದಿದ ಮೇಲೆ ಮತ್ತೆ ಕಳಿಸು.

ನಿನ್ನ ದೊಡ್ಡಪ್ಪ