ಆಟದ ನಡುವೆ ಹೊರಗಿನವರು ಅಡ್ಡಬಂದಾಗ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಸಾಫ್ಟ್‌ಬಾಲ್ ಪಂದ್ಯ ನಡೆಯುತ್ತಿರುವಾಗಲೇ ಪ್ರೇಕ್ಷಕರೊಬ್ಬರು ಚೆಂಡನ್ನು ಮುಟ್ಟಿಬಿಟ್ಟರೆ ಅಂಪೈರ್ ಆದವಳು ಏನು ಮಾಡಬೇಕೆಂದು ಕೇಳಿದ್ದೀಯೆ. ನಿಯಮ ಚಿಕ್ಕದು. ಹೊರಗಿನವರ ಕೈ ಚೆಂಡಿಗೆ ತಗುಲಿದ ಅಥವಾ ಫೀಲ್ಡರಿಗೆ ಅಡ್ಡವಾದ ಕ್ಷಣವೇ ಚೆಂಡು ಡೆಡ್ ಆಗುತ್ತದೆ, ಅಂದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಆ ಅಡ್ಡಿ ಬಾರದೆ ಇದ್ದಿದ್ದರೆ ಬ್ಯಾಟರ್ ಮತ್ತು ರನ್ನರುಗಳು ಯಾವ ಬೇಸ್ (ಓಡುವಾಗ ಒಂದಾದ ಮೇಲೊಂದು ಮುಟ್ಟಬೇಕಾದ ನೆಲೆ) ತಲುಪುತ್ತಿದ್ದರೋ ಅಲ್ಲಿಗೆ ಅವರನ್ನು ಅಂಪೈರ್ ತನ್ನ ವಿವೇಚನೆಯಿಂದ ಕಳುಹಿಸಬೇಕು. ಕಷ್ಟವೆಲ್ಲ ಇರುವುದು, ನಡೆಯದೆ ಹೋದ ಆಟವನ್ನು ನ್ಯಾಯವಾಗಿ ಊಹಿಸುವುದರಲ್ಲಿ.

ಆ ಊಹೆಗೆ ಆ ಕ್ಷಣದಲ್ಲಿ ನಿನ್ನ ಕಣ್ಣು ಕಂಡದ್ದನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಆದ್ದರಿಂದ ಎರಡೂ ಕೈಗಳನ್ನೆತ್ತಿ ‘ಡೆಡ್ ಬಾಲ್’ ಎಂದು ಎಲ್ಲರಿಗೂ ಕೇಳಿಸುವಂತೆ ಕೂಗುತ್ತಿರುವಾಗಲೇ, ರನ್ನರುಗಳು ಎಲ್ಲಿದ್ದಾರೆ, ಯಾರು ಬೇಸ್ ದಾಟಿ ಓಡುತ್ತಿದ್ದಾರೆ, ಚೆಂಡಿಗೆ ಹತ್ತಿರವಿದ್ದ ಫೀಲ್ಡರ್ ಯಾರು ಎಂಬುದನ್ನು ನೋಡಿಕೊಂಡುಬಿಡು. ಬೇಸಿನಿಂದ ಬೇಸಿಗೆ 60 ಅಡಿ ಮಾತ್ರ ಇರುವ ಆಟ ಇದು. ತಿರುಗಿ ನೋಡುವುದು ಒಂದೆರಡು ಕ್ಷಣ ತಡವಾದರೆ ರನ್ನರ್ ಅಷ್ಟರಲ್ಲಿ ಬಹುದೂರ ಹೋಗಿರುತ್ತಾಳೆ, ಅವಳು ಮೊದಲು ಎಲ್ಲಿದ್ದಳೆಂದು ಆಮೇಲೆ ಎರಡು ತಂಡದವರೂ ಎರಡು ಬಗೆಯಾಗಿ ಹೇಳುತ್ತಾರೆ.

ಬೇಲಿಯ ಪಕ್ಕದ ಕ್ಯಾಚ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪ್ರೇಕ್ಷಕ ಮೈದಾನದೊಳಕ್ಕೆ ಕೈ ಚಾಚಿ, ಫೀಲ್ಡರ್ ಹಿಡಿಯಬಹುದಾಗಿದ್ದ ಚೆಂಡನ್ನು ತಪ್ಪಿಸಿದರೆ ಬ್ಯಾಟರ್ ಔಟ್. ಫೀಲ್ಡರೇ ಬೇಲಿಯಾಚೆಗೆ ಕೈ ನೀಡಿದ್ದರೆ ಅದು ಅಡ್ಡಿಯೇ ಅಲ್ಲ, ಅಲ್ಲಿ ಪ್ರೇಕ್ಷಕನಿಗೂ ಚೆಂಡಿನ ಮೇಲೆ ಅಷ್ಟೇ ಅಧಿಕಾರವಿದೆ. ಕೈ ಯಾವ ಕಡೆ ಇತ್ತೆಂಬುದು ದೂರದಿಂದ ತಿಳಿಯುವುದಿಲ್ಲವಾದ್ದರಿಂದ ಚೆಂಡು ಮೇಲೇರಿದೊಡನೆ ಬೇಲಿಯ ನೇರ ಕಾಣುವ ಜಾಗಕ್ಕೆ ಓಡು.

ಥ್ರೋ ತಾನಾಗಿಯೇ ಗಡಿ ದಾಟಿ ಹೊರಹೋದರೆ, ಚೆಂಡು ಫೀಲ್ಡರ್ ಕೈ ಬಿಟ್ಟಾಗ ರನ್ನರ್ ಇದ್ದ ಸ್ಥಾನದಿಂದ ಎಣಿಸಿ ಎರಡು ಬೇಸ್ ಕೊಡುತ್ತೇವೆ. ಒಳಗೇ ಇರುವ ಚೆಂಡನ್ನು ಹೊರಗಿನವರು ತಡೆದಾಗ ಆ ಲೆಕ್ಕವನ್ನು ತಂದು ಹಚ್ಚಬೇಡ. ನಮಗೇ, ಅಂದರೆ ಅಂಪೈರಿಗೇ, ಥ್ರೋ ತಗುಲಿದರೆ ಆಟ ನಿಲ್ಲುವುದಿಲ್ಲ. ಪಕ್ಕದ ಮೈದಾನದ ಚೆಂಡು ಉರುಳಿ ಬಂದು ಯಾರಿಗೂ ತೊಡಕಾಗದೆ ಮೂಲೆ ಸೇರಿದರೆ, ಆಗ ನಡೆಯುತ್ತಿರುವ ಆ ಒಂದು ಎಸೆತದ ಆಟ ಮುಗಿಯುವವರೆಗೆ ಕಾಯುವುದೇ ಸರಿಯೆಂದು ನನ್ನ ಅಭಿಪ್ರಾಯ.

ತೀರ್ಪು ಹೇಳುವ ಮೊದಲು ಜೊತೆಯ ಅಂಪೈರನ್ನು ಪಕ್ಕಕ್ಕೆ ಕರೆದು, ನಿನಗೆ ಕಾಣದೆ ಹೋದದ್ದು ಅವರಿಗೆ ಕಂಡಿದೆಯೇ ಎಂದು ಕೇಳು. ಅನಂತರ ಪ್ರತಿ ರನ್ನರಿಗೂ ಅವಳ ಬೇಸನ್ನು ನೀನೇ ಕೈತೋರಿಸಿ ಹೇಳಿ, ಎರಡೂ ಕೋಚ್‌ಗಳಿಗೆ ಕಾರಣ ತಿಳಿಸು. ರನ್ನರ್ ಮೂರನೇ ಬೇಸ್ ತಲುಪುತ್ತಿದ್ದಳೆಂಬ ನಿನ್ನ ವಿವೇಚನೆಯ ಮೇಲೆ ಅವರು ಪ್ರೊಟೆಸ್ಟ್ (ವಿಧಿವತ್ತಾದ ಆಕ್ಷೇಪ) ಸಲ್ಲಿಸಲಾರರು, ಆದರೆ ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರೆ ಸಲ್ಲಿಸಬಹುದು. ಹಾಗಾಗಿ ಯಾವ ನಿಯಮದಡಿ ಆ ಬೇಸ್ ಕೊಟ್ಟೆ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳು.

ಇಂತಿ,
ನಿನ್ನ ದೊಡ್ಡಪ್ಪ