ದಾರದ ಗಂಟುಗಳ ಋಣ

ಗೋವಾ ಕರಾವಳಿಯ ಕಡಲಿನಲ್ಲಿ ಯಾವ ಮೀನು ಯಾವುದನ್ನು ಎಷ್ಟು ತಿನ್ನುತ್ತದೆ ಎಂದು ಹುಡುಕಿ ಆಹಾರ ಜಾಲವನ್ನು ಕಟ್ಟಿಕೊಡುವ ನನ್ನ ಪಿಎಚ್.ಡಿ. ಪ್ರಬಂಧದ ಮೌಖಿಕ ಪರೀಕ್ಷೆ ಕಳೆದ ವಾರ ಮುಗಿಯಿತು. ಇದ್ದ ಮಾಹಿತಿಯೇ ಅರೆಬರೆಯಾಗಿತ್ತು. ಕೊಯ್ದ ಹೊಟ್ಟೆಗಳಲ್ಲಿ ಬಹಳಷ್ಟು ಖಾಲಿ, ಉಳಿದವುಗಳಲ್ಲಿ ಅರ್ಧ ಕರಗಿದ ಮುದ್ದೆ; ಸಾಲದ್ದಕ್ಕೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಟ್ರಾಲರ್‌ಗಳು ಕಡಲಿಗಿಳಿಯದ ಕಾರಣ ಮಳೆಗಾಲದ ಪುಟಗಳು ಬರಿದಾಗಿದ್ದವು. ಹೀಗಿದ್ದೂ ಕೆಲಸ ಮುಗಿದದ್ದು ಕೆಲವರ ಉಪಕಾರದಿಂದ.

ಪಣಜಿ ಬಳಿಯ ಮಾಲಿಂ ಮೀನುಗಾರಿಕೆ ಜೆಟ್ಟಿಯಲ್ಲಿ ಹೊನ್ನಾವರ ಕಡೆಯ ತಾಂಡೇಲರೊಬ್ಬರಿದ್ದಾರೆ, ಅಂದರೆ ದೋಣಿ ನಡೆಸುವ ಮುಖಂಡರು. ಪಟ್ಟಿಯಂತೆ ಉದ್ದನೆಯ ಪಾಂಬೋಲು ಮೀನಿನ ಗಂಟಲಲ್ಲಿ ಹೊಳಪು ಮಾಸದ ಸಿಗಡಿಗಳನ್ನು ಕಂಡು ನಾನು ಹಿಗ್ಗಿನಿಂದ ಬರೆದುಕೊಳ್ಳುತ್ತಿದ್ದಾಗ ಅವರು, "ತಂಗಿ, ಅದು ಬಲೆಯೊಳಗೆ ಸಿಕ್ಕಿಬಿದ್ದ ಮೇಲೆ ನುಂಗಿದ್ದು, ಲೆಕ್ಕಕ್ಕೆ ಹಿಡಿಯಬೇಡ" ಎಂದರು. ಗಂಟಲಿನದನ್ನೂ ಹೊಟ್ಟೆಯದನ್ನೂ ಬೇರೆಬೇರೆಯಾಗಿ ಬರೆಯಲು ಕಲಿತದ್ದು ಅಂದಿನಿಂದ. ಅದಕ್ಕೆ ಹಿಂದಿನ ಮೂರು ತಿಂಗಳ ದಾಖಲೆಯನ್ನು ಹೊಟ್ಟೆ ಉರಿದುಕೊಂಡೇ ಕೈಬಿಟ್ಟೆ.

ಇಡೀ ಇಸ್ವಾಣ (ಅಂಜಲ್ ಮೀನು) ಕೊಳ್ಳುವ ಶಕ್ತಿ ನನ್ನ ಶಿಷ್ಯವೇತನಕ್ಕಿರಲಿಲ್ಲ. ಪಣಜಿ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸೊಬ್ಬರು, ಎಲ್ಲರೂ 'ಬಾಯಿ' ಎನ್ನುವವರು, ಗಿರಾಕಿಗಳಿಗೆ ಕತ್ತರಿಸಿಕೊಡುವಾಗ ಹೊಟ್ಟೆಯ ಚೀಲವನ್ನು ನನಗಾಗಿ ತೆಗೆದಿಡುತ್ತಿದ್ದರು. ಮೀನಿನ ಉದ್ದವೂ ಬೇಕೆಂದು ಹರಕು ಕೊಂಕಣಿಯಲ್ಲಿ ಕೇಳಿದ ಮರುದಿನದಿಂದ ಪ್ರತಿ ಪೊಟ್ಟಣಕ್ಕೂ ಒಂದೊಂದು ದಾರ ಸುತ್ತಿರುತ್ತಿತ್ತು: ತಲೆಯಿಂದ ಬಾಲದವರೆಗೆ ಹಿಡಿದು ಗಂಟು ಹಾಕಿದ ದಾರ. ನನ್ನ ಕೋಷ್ಟಕದ ಇಸ್ವಾಣದ ಸಾಲು ಪೂರ್ತಿ ಆ ಗಂಟುಗಳದ್ದು.

ಮಾರ್ಗದರ್ಶಕರಿಗೆ ವಿಶೇಷವಾಗಿ ಋಣಿ. ಯಾರು ಯಾರನ್ನು ಎಷ್ಟು ತಿನ್ನುತ್ತಾರೆಂಬ ಲೆಕ್ಕವನ್ನು ಸರಿದೂಗಿಸುವ ಇಕೋಪಾತ್ ಎಂಬ ಗಣಕ ತಂತ್ರಾಂಶದಲ್ಲಿ ಕಟ್ಟಿದ ನನ್ನ ಮೊದಲ ಮಾದರಿಯಲ್ಲಿ ಬೂತಾಯಿ ಮೀನು ವರ್ಷಕ್ಕೆ ಬೆಳೆಯುವುದಕ್ಕಿಂತ ಹೆಚ್ಚಾಗಿ ಇತರರ ಬಾಯಿಗೆ ಹೋಗುತ್ತಿತ್ತು. ಅಂಕಿಗಳನ್ನು ಸುಮ್ಮನೆ ತಗ್ಗಿಸಿ ಲೆಕ್ಕ ಸರಿದೂಗಿಸಲು ಹೊರಟಾಗ ಅವರು ಬಿಡಲಿಲ್ಲ. ಮೀನಿನ ಮೈಯಲ್ಲಿರುವ ಸಾರಜನಕದ ಐಸೊಟೋಪುಗಳನ್ನು, ಅಂದರೆ ಅದರ ಹಗುರ ಮತ್ತು ಭಾರದ ರೂಪಗಳನ್ನು, ಅಳೆಯಲು ಹಚ್ಚಿದರು. ಆಹಾರದ ಒಂದು ಮೆಟ್ಟಿಲು ಏರಿದಂತೆ ಭಾರದ ಸಾರಜನಕ ಸಾವಿರಕ್ಕೆ ಸುಮಾರು 3.4ರಷ್ಟು ಹೆಚ್ಚುತ್ತದೆ. ಮೀನು ಯಾವ ಮೆಟ್ಟಿಲಿನಲ್ಲಿದೆ ಎಂದು ಅದು ಹೇಳೀತೇ ಹೊರತು ಯಾರನ್ನು ತಿಂದಿತೆಂದು ಹೇಳದು. ಆದರೂ ನನ್ನ ಕೆಲವು ಊಹೆಗಳನ್ನು ಹೊಡೆದುಹಾಕಲು ಅಷ್ಟು ಸಾಕಾಯಿತು. ಹೊಟ್ಟೆಯಲ್ಲಿ ಕಾಣದ್ದನ್ನೆಲ್ಲ ಸೊನ್ನೆ ಎಂದು ಬರೆಯದೆ, ಕೋಷ್ಟಕದಲ್ಲಿ ಗೊತ್ತಿಲ್ಲದ ಮನೆಯನ್ನು ಖಾಲಿ ಬಿಡುವ ಧೈರ್ಯವನ್ನೂ ಅವರೇ ಕೊಟ್ಟರು.

ಫಾರ್ಮಲಿನ್ ವಾಸನೆಯ ಬಟ್ಟೆಗಳನ್ನು ಸಹಿಸಿದ ಕೋಣೆಯ ಗೆಳತಿಗೂ, ಧಾರವಾಡದಿಂದ ಪ್ರತಿ ತಿಂಗಳು ರೊಟ್ಟಿ ಕಳಿಸಿದ ಅವ್ವನಿಗೂ ನಮಸ್ಕಾರ.

"ಗುರುತಿಸಲಾಗದ ಮೀನು" ಎಂಬ ಸಾಲು ಪ್ರಬಂಧದಲ್ಲಿ ಇನ್ನೂ ಉದ್ದವಾಗಿಯೇ ಇದೆ. ಆಗಸ್ಟಿನಲ್ಲಿ ದೋಣಿಗಳು ಇಳಿದಾಗ ಮತ್ತೆ ಬರುತ್ತೇನೆ, ಬಾಯಿ. ಈ ಸಲ ದಾರದ ಉಂಡೆ ನನ್ನದು.